ಮೊಟ್ಟೆ ಟೊಳ್ಳಾದ ಮೇಲೆ

ಈಸ್ಟರ್ ಹಬ್ಬಕ್ಕೆ ಮಕ್ಕಳ ಕೈಗೆ ಬರುತ್ತಿದ್ದ ಒಂದು ಬೆಂದ ಮೊಟ್ಟೆ, ಬುಟ್ಟಿ ತುಂಬುವ ಉಡುಗೊರೆಯಾಗಿ ಬೆಳೆದ ಕತೆ

ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ ಖರ್ಚಿನ ಕಡತದಲ್ಲಿ 1290ರ ಈಸ್ಟರ್‌ಗೆ ಸೇರಿದ ಒಂದು ಬಾಬತ್ತು ಸಿಗುತ್ತದೆ: 450 ಮೊಟ್ಟೆಗೆ 18 ಪೆನ್ನಿ. ಬೇಯಿಸಿ, ಬಣ್ಣ ಕಟ್ಟಿ, ಕೆಲವಕ್ಕೆ ಚಿನ್ನದ ರೇಕು ಹಚ್ಚಿ ಅರಮನೆಯ ಪರಿವಾರಕ್ಕೆ ಹಂಚಲು ತರಿಸಿದ ಮೊಟ್ಟೆಗಳವು. ಪೆನ್ನಿಗೆ ಇಪ್ಪತ್ತೈದರ ಲೆಕ್ಕ. ಅಲ್ಲಿಂದ ಏಳು ಶತಮಾನ ದಾಟಿ 2023ಕ್ಕೆ ಬನ್ನಿ. ಆ ವರ್ಷದ ಈಸ್ಟರ್‌ಗೆ ಅಮೆರಿಕದ ಜನ 2,400 ಕೋಟಿ ಡಾಲರ್ ಖರ್ಚು ಮಾಡಲಿದ್ದಾರೆ ಎಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ಅಂದಾಜಿಸಿತು. ಹಬ್ಬ ಮಾಡುವ ಒಬ್ಬೊಬ್ಬರ ಪಾಲಿಗೆ ಸರಾಸರಿ 192 ಡಾಲರ್. ಊಟ, ಬಟ್ಟೆ, ಹೂವು ಎಲ್ಲ ಸೇರಿದ ಮೊತ್ತವಿದು. ಮಿಠಾಯಿಯೊಂದಕ್ಕೇ 330 ಕೋಟಿ ಡಾಲರ್.

ಮಕ್ಕಳಿಗೆ ಈಸ್ಟರ್‌ಗೆ ಎಷ್ಟು ಕೊಡಬೇಕು? ಯುರೋಪು, ಅಮೆರಿಕದ ಮನೆಗಳಲ್ಲಿ ಪ್ರತಿ ವಸಂತದಲ್ಲೂ ಏಳುವ ಪ್ರಶ್ನೆಯಿದು. ಒಂದು ಚಾಕೊಲೇಟ್ ಮೊಟ್ಟೆ ಸಾಕು ಎನ್ನುವವರಿದ್ದಾರೆ, ಸೈಕಲ್ಲಿನವರೆಗೂ ಹೋಗುವವರಿದ್ದಾರೆ. ‘ಇದೇನು, ಇನ್ನೊಂದು ಕ್ರಿಸ್‌ಮಸ್ಸೇ?’ ಎಂದು ಗೊಣಗುವ ಅಜ್ಜಿಯರೂ ಇದ್ದಾರೆ. ಆದರೆ ಬಹುಕಾಲ ಈ ಪ್ರಶ್ನೆಗೆ ಹುಟ್ಟಲು ಜಾಗವೇ ಇರಲಿಲ್ಲ. ಎಷ್ಟು ಕೊಡಬೇಕು ಎಂಬುದನ್ನು ಕೋಳಿ ಮತ್ತು ಪಂಚಾಂಗ ಸೇರಿ ತೀರ್ಮಾನಿಸುತ್ತಿದ್ದವು.

ಕೋಳಿಗೆ ಉಪವಾಸವಿಲ್ಲ

ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಕ್ರೈಸ್ತರಿಗೆ ತಪಸ್ಸು ಕಾಲ. ಮಧ್ಯಯುಗದ ಯುರೋಪಿನಲ್ಲಿ ಆ ದಿನಗಳಲ್ಲಿ ಮಾಂಸವಷ್ಟೇ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆಗಳೂ ನಿಷಿದ್ಧ. ಚರ್ಚಿನ ಕಟ್ಟಳೆ ಮನುಷ್ಯರಿಗೆ. ಕೋಳಿಗೆ ಅದು ಗೊತ್ತಾಗಬೇಕಲ್ಲ? ಚಳಿಗಾಲದ ಮೋಟು ಹಗಲಿನಲ್ಲಿ ಮೊಟ್ಟೆ ಇಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುವ ಕೋಳಿಗಳು, ಹಗಲು ಉದ್ದವಾಗುವ ಫೆಬ್ರುವರಿ–ಮಾರ್ಚಿನಲ್ಲಿ ಮತ್ತೆ ಶುರುಮಾಡುತ್ತವೆ. ವಿದ್ಯುದ್ದೀಪದ ಕೋಳಿಶಾಲೆಗಳು ಬರುವ ಮೊದಲು ಇದು ತಪ್ಪದ ನಿಯಮವಾಗಿತ್ತು. ಹೀಗೆ ಮನೆಯಲ್ಲಿ ಯಾರೂ ಮೊಟ್ಟೆ ಮುಟ್ಟದ ದಿನಗಳಲ್ಲೇ ಬುಟ್ಟಿಗಳು ತುಂಬುತ್ತಿದ್ದವು. ವ್ರತ ಮುಗಿಯುವ ಹೊತ್ತಿಗೆ ಹಳ್ಳಿಗೆ ಹಳ್ಳಿಯೇ ಮೊಟ್ಟೆಯ ರಾಶಿಯ ಮೇಲೆ ಕುಳಿತಿರುತ್ತಿತ್ತು.

ಆ ರಾಶಿ ಮೊದಲು ಹೋದದ್ದು ಮಕ್ಕಳ ಕಡೆಗಲ್ಲ, ಒಡೆಯರ ಕಡೆಗೆ. ಇಂಗ್ಲೆಂಡಿನ ಜಮೀನುಗಳಲ್ಲಿ ಗೇಣಿದಾರರು ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರ್‌ಗೆ ಮೊಟ್ಟೆ ಒಪ್ಪಿಸುವ ವಾಡಿಕೆಯಿತ್ತು. ಜರ್ಮನ್ ಸೀಮೆಗಳಲ್ಲೂ ಈಸ್ಟರ್ ಗೇಣಿ ತೀರಿಸುವ ವಾಯಿದೆ. ಮೊಟ್ಟೆ ಅದರ ಒಂದು ಭಾಗ. ಕೆಳಗಿನಿಂದ ಮೇಲಕ್ಕೆ ಹೋದ ಮೊಟ್ಟೆಗಳಲ್ಲಿ ಒಂದಿಷ್ಟು ಬಣ್ಣ ಬಳಿಸಿಕೊಂಡು ಹಬ್ಬದ ದಿನ ಕೆಳಗಿಳಿದು ಬರುತ್ತಿದ್ದವು. ಎಡ್ವರ್ಡನ 450 ಮೊಟ್ಟೆಗಳು ದುಡ್ಡು ಕೊಟ್ಟು ತರಿಸಿದವಾದರೂ, ಹೀಗೆಯೇ ಮೇಲಿನಿಂದ ಕೆಳಗಿಳಿದು ಬಂದವು.

ಮಕ್ಕಳು ತಮ್ಮ ಪಾಲನ್ನು ಬೇರೆ ದಾರಿಯಲ್ಲಿ ಗಿಟ್ಟಿಸಿಕೊಂಡರು: ಕೇಳಿ ಪಡೆಯುವ ದಾರಿ. ಉತ್ತರ ಇಂಗ್ಲೆಂಡಿನ ಲ್ಯಾಂಕಷೈರ್, ಯಾರ್ಕ್‌ಷೈರ್, ಕಂಬ್ರಿಯಾ ಸೀಮೆಗಳಲ್ಲಿ ಈಸ್ಟರ್ ಹತ್ತಿರ ಬರುತ್ತಿದ್ದಂತೆ ಹುಡುಗರು ವೇಷ ಕಟ್ಟಿ, ಹಾಡುತ್ತ, ಸಂತ ಜಾರ್ಜನ ಕಾಳಗದ ಆಟವಾಡುತ್ತ ಮನೆಮನೆ ತಿರುಗಿ ಮೊಟ್ಟೆ ಎತ್ತುತ್ತಿದ್ದರು. ಇದಕ್ಕೆ ಪೇಸ್ ಎಗ್ಗಿಂಗ್ ಎಂದು ಹೆಸರು. ಈರುಳ್ಳಿ ಸಿಪ್ಪೆ ಸುತ್ತಿ ಬೇಯಿಸಿದರೆ ಮೊಟ್ಟೆಗೆ ಹೊನ್ನಿನ ಬಣ್ಣ ಬರುತ್ತದೆ. ಅದನ್ನು ಗುಡ್ಡದ ಇಳಿಜಾರಿನಲ್ಲಿ ಉರುಳಿಸಿ, ಯಾರದ್ದು ಒಡೆಯದೆ ದೂರ ಹೋಯಿತೆಂದು ಪಂದ್ಯ ಕಟ್ಟುತ್ತಿದ್ದರು. ಪ್ರೆಸ್ಟನ್ ಊರಿನ ಅವೆನ್‌ಹ್ಯಾಮ್ ಉದ್ಯಾನದಲ್ಲಿ ಈ ಉರುಳಾಟ ಇವತ್ತಿಗೂ ಉಂಟು.

ಇಲ್ಲಿ ಕೊಡುತ್ತಿದ್ದವರು ತಂದೆತಾಯಿಯಲ್ಲ, ಊರು. ಒಂದು ಮನೆಗೆ ಒಂದು ಮೊಟ್ಟೆ ಎಂದರೂ ಹತ್ತು ಮನೆ ಸುತ್ತಿದವನಿಗೆ ಹತ್ತು. ಮಗುವಿಗೆ ಸಿಗುವುದು ಅಪ್ಪನ ಜೇಬಿಗಿಂತ ಹೆಚ್ಚಾಗಿ ಅದರ ಕಾಲಿನ ಕಸುವನ್ನು ಅವಲಂಬಿಸಿತ್ತು.

ಮೊಲದ ಹೆಸರಿನಲ್ಲಿ

ಕೊಡುವ ಕೈ ಮನೆಯೊಳಗೆ ಬಂದದ್ದು ಜರ್ಮನ್ ಸೀಮೆಯಿಂದ. 1682ರಲ್ಲಿ ಗೆಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ ಎಂಬ ವೈದ್ಯ ಈಸ್ಟರ್ ಮೊಟ್ಟೆಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅಲ್ಸಾಸ್ ಮತ್ತು ಅದರ ಅಕ್ಕಪಕ್ಕದಲ್ಲಿ ಮೊಲ ಮೊಟ್ಟೆಯಿಟ್ಟು ತೋಟದ ಹುಲ್ಲು, ಪೊದೆಗಳಲ್ಲಿ ಬಚ್ಚಿಡುತ್ತದೆಂದು ಮಕ್ಕಳಿಗೆ ಹೇಳುತ್ತಾರೆ, ಮಕ್ಕಳು ಹುಡುಕುವುದನ್ನು ನೋಡಿ ದೊಡ್ಡವರು ನಗುತ್ತಾರೆ ಎಂದು ಅವನು ದಾಖಲಿಸಿದ್ದಾನೆ. ಮೊಟ್ಟೆ ಅತಿಯಾಗಿ ತಿಂದರೆ ಏನಾಗುತ್ತದೆ ಎಂಬ ವೈದ್ಯಕೀಯ ಕಾಳಜಿಯೂ ಅದರಲ್ಲಿದೆ. ಈಸ್ಟರ್ ಮೊಲದ ಮೊದಲ ಉಲ್ಲೇಖವಿದು ಎನ್ನುತ್ತಾರೆ. ‘ಮಕ್ಕಳಿಗೆ ಇಷ್ಟೊಂದು ಬೇಕೆ’ ಎಂಬ ಗೊಣಗಾಟವೂ ಮೊಲದ ಜತೆಗೇ ಹುಟ್ಟಿತು ಎನ್ನಬಹುದು.

ಮೊಲ ಎಲ್ಲ ಕಡೆಯೂ ಒಪ್ಪಿತವಾಗಿರಲಿಲ್ಲ. ವೆಸ್ಟ್‌ಫಾಲಿಯಾದ ಕೆಲವೆಡೆ ಮೊಟ್ಟೆ ತರುವುದು ನರಿ, ಸ್ವಿಟ್ಜರ್ಲೆಂಡಿನ ಕೆಲವೆಡೆ ಕೋಗಿಲೆ. ಫ್ರಾನ್ಸಿನಲ್ಲಿ ಇಗರ್ಜಿಯ ಗಂಟೆಗಳು ಪವಿತ್ರ ಗುರುವಾರ ರೋಮಿಗೆ ಹಾರಿಹೋಗಿ, ಈಸ್ಟರ್ ಬೆಳಗ್ಗೆ ಮರಳುವಾಗ ತೋಟಗಳಲ್ಲಿ ಮಿಠಾಯಿ ಉದುರಿಸುತ್ತವೆ. ಮೊಲವೆಂದರೆ ಬೆಳೆ ತಿನ್ನುವ ಪೀಡೆ ಎನ್ನುವ ಆಸ್ಟ್ರೇಲಿಯದಲ್ಲಿ ಕಳೆದ ಕೆಲವು ದಶಕಗಳಿಂದ ಆ ಕೆಲಸ ಬಿಲ್ಬಿ ಎಂಬ ಸ್ಥಳೀಯ ಪ್ರಾಣಿಗೂ ಬಂದಿದೆ. ಚಾಕೊಲೇಟ್ ಬಿಲ್ಬಿ ಮಾರಿ ಬಂದ ಹಣದಲ್ಲಿ ಒಂದು ಪಾಲು ಅದರ ಸಂರಕ್ಷಣೆಗೆ ಹೋಗುವುದೂ ಇದೆ.

ಇವರೆಲ್ಲರ ಕೆಲಸ ಒಂದೇ: ಕೊಡುವವರ ಮುಖ ಮರೆಸುವುದು. ಬಚ್ಚಿಟ್ಟು ಹುಡುಕಿಸುವ ಈ ಆಟ ಇಂಗ್ಲೆಂಡಿಗೂ ದಾಟಿತು. ಅಲ್ಲಿನ ವಿಕ್ಟೋರಿಯಾ ಇನ್ನೂ ರಾಣಿಯಾಗದ, ಹದಿಮೂರು ವರ್ಷದ ರಾಜಕುಮಾರಿಯಾಗಿದ್ದಾಗ, 1833ರ ಏಪ್ರಿಲ್ 7ರ ಈಸ್ಟರ್ ದಿನ, ತಾಯಿ ಅಲಂಕರಿಸಿದ ಮೊಟ್ಟೆಗಳನ್ನು ಹುಡುಕಿದ್ದನ್ನು ದಿನಚರಿಯಲ್ಲಿ ಬರೆದಿದ್ದಾಳೆ. ತಾಯಿ ಜರ್ಮನಿಯ ಸ್ಯಾಕ್ಸ್-ಕೋಬರ್ಗ್ ಮನೆತನದವಳು. ತವರಿನ ಪದ್ಧತಿಯನ್ನು ಮಗಳಿಗೆ ದಾಟಿಸಿದ್ದಳು. ಮುಂದೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ದಂಪತಿ ತಮ್ಮ ಒಂಬತ್ತು ಮಕ್ಕಳಿಗೂ ಇದನ್ನೇ ಮಾಡಿದರು. ಅರಮನೆಯಲ್ಲಿ ನಡೆದದ್ದನ್ನು ಮಧ್ಯಮವರ್ಗದ ಮನೆಗಳು ಅನುಸರಿಸಿದವು. ಕ್ರಿಸ್‌ಮಸ್ ಮರದಂತೆಯೇ ಇದೂ ಊರಿನ ಹಬ್ಬವನ್ನು ಮನೆಯ ಹಬ್ಬವಾಗಿಸಿತು.

ಮೊಲದಿಂದ ತಂದೆತಾಯಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಕೊಟ್ಟದ್ದು ಕಡಿಮೆಯಾದರೆ ಹೊಣೆ ಮೊಲದ್ದು. ಆದರೆ ಎದುರು ಮನೆಯ ಹುಡುಗನಿಗೆ ಅದೇ ಮೊಲ ಹೊಸ ಸ್ಕೇಟ್‌ಬೋರ್ಡ್ ತಂದಿತೆಂದರೆ ‘ನಮ್ಮಲ್ಲಿ ದುಡ್ಡಿಲ್ಲ ಕಂದ’ ಎಂಬ ಮಾತು ಆಡಲು ಬರುವುದಿಲ್ಲ, ಮೊಲಕ್ಕೆಲ್ಲಿಯ ದುಡ್ಡು?

ಹಬ್ಬವಿಲ್ಲದವರು ಮಾಡಿದ ಮೊಟ್ಟೆ

ಅಷ್ಟಾದರೂ ಕೋಳಿಮೊಟ್ಟೆ ಇರುವವರೆಗೆ ಉಡುಗೊರೆಗೆ ಒಂದು ಮಿತಿಯಿತ್ತು. ಮೊಟ್ಟೆಯ ಗಾತ್ರ ಬದಲಾಗದು. ಮಗು ತಿನ್ನಬಹುದಾದ ಬೆಂದ ಮೊಟ್ಟೆ ಎರಡೋ ಮೂರೋ. ಮಿತಿ ಮುರಿದದ್ದು ಚಾಕೊಲೇಟು.

1828ರಲ್ಲಿ ನೆದರ್ಲೆಂಡ್ಸಿನ ವಾನ್ ಹೌಟನ್ ಕಂಪನಿ ಕೋಕೋ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಹೀಗೆ ಸಿಕ್ಕ ಬೆಣ್ಣೆಯನ್ನು ಕೋಕೋ, ಸಕ್ಕರೆಯ ಜತೆ ಬೆರೆಸಿ ಅಚ್ಚಿಗೆ ಎರೆಯಬಹುದಾದ ಚಾಕೊಲೇಟನ್ನು ಬ್ರಿಸ್ಟಲ್‌ನ ಫ್ರೈ ಕಂಪನಿ 1847ರಲ್ಲಿ ಮಾಡಿತು. ಅದೇ ಕಂಪನಿ 1873ರಲ್ಲಿ ಬ್ರಿಟನ್ನಿನ ಮೊದಲ ಟೊಳ್ಳು ಚಾಕೊಲೇಟ್ ಮೊಟ್ಟೆಯನ್ನು ಮಾರಾಟಕ್ಕಿಟ್ಟಿತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿಯ ಮೊಟ್ಟೆ ಬಂತು. ಕಪ್ಪು ಚಾಕೊಲೇಟಿನ ನುಣುಪಾದ ಚಿಪ್ಪು, ಒಳಗೆ ಸಕ್ಕರೆ ಲೇಪಿಸಿದ ಮಿಠಾಯಿಗಳು. 1905ರಲ್ಲಿ ಡೇರಿ ಮಿಲ್ಕ್ ಚಾಕೊಲೇಟ್ ಬಂದ ಮೇಲೆ ಈ ವ್ಯಾಪಾರ ನಾಗಾಲೋಟಕ್ಕೆ ಬಿತ್ತು.

ಫ್ರೈ, ಕ್ಯಾಡ್ಬರಿ ಎರಡೂ ಕ್ವೇಕರ್ ಪಂಥದ ಕುಟುಂಬಗಳು. ಎಲ್ಲ ದಿನವೂ ದೇವರದ್ದೇ, ಒಂದು ದಿನವನ್ನು ಹಬ್ಬವೆಂದು ಮೆರೆಸುವುದು ಸಲ್ಲದು ಎನ್ನುವುದು ಆ ಪಂಥದ ಹಳೆಯ ನಿಲುವು. ಕ್ರಿಸ್‌ಮಸ್, ಈಸ್ಟರ್‌ಗಳೂ ಇದಕ್ಕೆ ಹೊರತಲ್ಲ. ಮದ್ಯಕ್ಕೆ ಬದಲಾಗಿ ಜನ ಕೋಕೋ ಕುಡಿಯಲಿ ಎಂಬ ಸುಧಾರಣೆಯ ಹುರುಪೂ ಅವರ ವ್ಯಾಪಾರದೊಳಗೆ ಸೇರಿತ್ತು. ಈಸ್ಟರ್ ಹಬ್ಬವನ್ನು ಒಪ್ಪದ ಪರಂಪರೆಯವರೇ ಈಸ್ಟರ್ ಉಡುಗೊರೆಗೆ ಇಂದಿನ ರೂಪ ಕೊಟ್ಟರು.

ಟೊಳ್ಳು ಮೊಟ್ಟೆಯಿಂದ ಆದ ಬದಲಾವಣೆ ರುಚಿಯದ್ದಷ್ಟೇ ಅಲ್ಲ. ಕೋಳಿಮೊಟ್ಟೆಯನ್ನು ಪ್ರಕೃತಿಯೇ ತುಂಬಿ ಕಳಿಸುತ್ತದೆ. ಟೊಳ್ಳು ಮೊಟ್ಟೆಯನ್ನು ಯಾರಾದರೂ ತುಂಬಬೇಕು. ಏನು ತುಂಬಬೇಕು, ಎಷ್ಟು ತುಂಬಬೇಕು ಎಂಬ ಪ್ರಶ್ನೆ ಅಲ್ಲಿಂದ ಶುರು. ಇಟಲಿಯ ಚಾಕೊಲೇಟ್ ಮೊಟ್ಟೆಯೊಳಗೆ ಒಂದು ಅಚ್ಚರಿಯ ಉಡುಗೊರೆ ಇರಲೇಬೇಕು. ಆ ಅಚ್ಚರಿಗೆ ಈಸ್ಟರ್‌ವರೆಗೆ ಯಾಕೆ ಕಾಯಬೇಕೆಂದು ಫೆರೆರೊ ಕಂಪನಿ 1974ರಲ್ಲಿ ಕಿಂಡರ್ ಮೊಟ್ಟೆಯನ್ನು ತಂದು, ಹಬ್ಬದ ವಸ್ತುವನ್ನು ದಿನನಿತ್ಯದ್ದಾಗಿಸಿತು. ಗ್ರೀಸಿನಲ್ಲಿ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತರು ಮಗುವಿಗೆ ಈಸ್ಟರ್ ಮೇಣದಬತ್ತಿ ಕೊಡುವುದು ಸಂಪ್ರದಾಯ. ಈಗ ಆ ಬತ್ತಿಗೇ ಆಟಿಕೆ ಕಟ್ಟಿರುತ್ತದೆ. ಜತೆಗೆ ಚಾಕೊಲೇಟ್ ಮೊಟ್ಟೆ, ಹೊಸ ಬೂಟು.

ಮುಚ್ಚಳವಿರುವ ಮೊಟ್ಟೆ, ಮುಚ್ಚಳವಿಲ್ಲದ ಬುಟ್ಟಿ

ಜರ್ಮನ್ ವಲಸಿಗರು 18ನೇ ಶತಮಾನದಲ್ಲಿ ಮೊಲವನ್ನು ಪೆನ್ಸಿಲ್ವೇನಿಯಕ್ಕೆ ಒಯ್ದರು. ಮೊಲ ಬಂದು ಮೊಟ್ಟೆಯಿಡಲೆಂದು ಮಕ್ಕಳು ಟೋಪಿ, ಬಾನೆಟ್‌ಗಳಿಂದ ಗೂಡು ಮಾಡಿಡುತ್ತಿದ್ದರು. ಆ ಗೂಡೇ ಮುಂದೆ ಅಮೆರಿಕದ ಈಸ್ಟರ್ ಬುಟ್ಟಿಯಾಯಿತು. ಬುಟ್ಟಿಯ ತಳಕ್ಕೆ ಕಾಗದದ ಹುಲ್ಲು, ಮೇಲೆ ಚಾಕೊಲೇಟ್ ಮೊಲ, ಜೆಲ್ಲಿ ಬೀನ್ಸ್, ಮಾರ್ಷ್‌ಮ್ಯಾಲೊ ಕೋಳಿಮರಿ. ಪೀಪ್ಸ್ ಎಂಬ ಈ ಕೋಳಿಮರಿಗಳನ್ನು ಮಾಡುತ್ತಿದ್ದ ಕಂಪನಿಯನ್ನು 1953ರಲ್ಲಿ ಜಸ್ಟ್ ಬಾರ್ನ್ ಸಂಸ್ಥೆ ಕೊಂಡಾಗ, ಕೈಯಿಂದ ಒಂದು ಮರಿ ಸಿದ್ಧವಾಗಲು 27 ಗಂಟೆ ಹಿಡಿಯುತ್ತಿತ್ತು. ಯಂತ್ರ ಬಂದ ಮೇಲೆ ಅದು ಆರು ನಿಮಿಷದ ಕೆಲಸವಾಯಿತು. ಇಷ್ಟು ಸಲೀಸಾಗಿ ತಯಾರಾಗುವುದನ್ನು ಒಂದೇ ಒಂದು ಕೊಡುವುದು ಹೇಗೆ?

ಸ್ವೀಡನ್ನಿನವರ ದಾರಿ ಬೇರೆ. ಅಲ್ಲಿ ಮೊಟ್ಟೆ ರಟ್ಟಿನದು, ನಡುವೆ ಬಿಚ್ಚಿಕೊಳ್ಳುವಂಥದ್ದು, ಹೊರಗೆ ಮರಿಗಳ, ಹೂಗಳ ಚಿತ್ರ. ತಂದೆತಾಯಿ ಅಂಗಡಿಯಿಂದ ಬಿಡಿ ಮಿಠಾಯಿಯನ್ನು ತೂಕದ ಲೆಕ್ಕದಲ್ಲಿ ತಂದು ಅದರಲ್ಲಿ ತುಂಬುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಅದೇ ಮೊಟ್ಟೆ ಮುಂದಿನ ವರ್ಷಕ್ಕೂ ಆಗುತ್ತದೆ. ಎಷ್ಟು ಕೊಡಬೇಕೆಂಬ ಚರ್ಚೆ ಅಲ್ಲಿ ಮೊಟ್ಟೆಯ ಅಳತೆ ಆರಿಸುವಾಗಲೇ ಮುಗಿಯುತ್ತದೆ. ಎರಡು ಹೋಳು ಕೂಡಿ ಮುಚ್ಚಿಕೊಳ್ಳದಿದ್ದರೆ ಹೆಚ್ಚಾಯಿತೆಂದು ಅರ್ಥ. ಅಮೆರಿಕದ ಬುಟ್ಟಿಗೆ ಮುಚ್ಚಳವಿಲ್ಲ. ಗೋಪುರದಂತೆ ಪೇರಿಸಿ, ಸೆಲ್ಲೋಫೇನ್ ಸುತ್ತಿ, ಜಾಗ ಸಾಲದಿದ್ದರೆ ಪಕ್ಕದಲ್ಲೇ ಸೈಕಲ್ ನಿಲ್ಲಿಸಬಹುದು.

ಬೆಲೆಯೂ ಒಮ್ಮೊಮ್ಮೆ ಮುಚ್ಚಳವಾಗುತ್ತದೆ. ಕೋಕೋ ಬೆಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರುವ ಐವರಿ ಕೋಸ್ಟ್, ಘಾನಾಗಳಲ್ಲಿ ಹವಾಮಾನ ಕೈಕೊಟ್ಟು, ಗಿಡಗಳಿಗೆ ವೈರಸ್ ರೋಗ ಬಡಿದು, 2024ರ ಡಿಸೆಂಬರ್‌ನಲ್ಲಿ ಕೋಕೋ ದರ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತು. ಚಾಕೊಲೇಟ್ ಮೊಟ್ಟೆಗಳು ತುಟ್ಟಿಯಾದವು, ಕೆಲವು ಕಿರಿದಾದವು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುವವರಿಗೆ ಅದೇ ವರ್ಷ ಹಿಂದೆಂದೂ ಕಾಣದ ಧಾರಣೆ ಸಿಕ್ಕಿತು. 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಬೆಲೆ ನೆಲಕಚ್ಚಿದಾಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗಿಳಿದದ್ದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದದ್ದು ಆ ಬೆಳೆಗಾರರಿಗೆ ಗೊತ್ತೇ ಇದೆ. ದೂರದ ಮಕ್ಕಳ ಬುಟ್ಟಿ ಹಗುರಾದ ವರ್ಷ ಇಲ್ಲಿಯ ತೋಟದವರ ಕೈ ತುಸು ಭಾರವಾಯಿತು.

ಕೊರತೆ ಕಟ್ಟಿದ ಬೆಲೆ

ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಡುವೆ, 1942ರ ಜುಲೈನಲ್ಲಿ, ಮಿಠಾಯಿ ಮತ್ತು ಚಾಕೊಲೇಟಿಗೆ ಪಡಿತರ ಬಂತು. ಬಹುಪಾಲು ಕಾಲ ಒಬ್ಬರಿಗೆ ನಾಲ್ಕು ವಾರಕ್ಕೆ 12 ಔನ್ಸ್, ಅಂದರೆ ಸುಮಾರು 340 ಗ್ರಾಂ. 1949ರಲ್ಲಿ ಒಮ್ಮೆ ಪಡಿತರ ತೆಗೆದರು. ಅಂಗಡಿಗಳು ಬರಿದಾದವು, ಕೆಲವೇ ತಿಂಗಳಲ್ಲಿ ಮತ್ತೆ ಹೇರಬೇಕಾಯಿತು. ಕೊನೆಗೂ ಅದು ರದ್ದಾದದ್ದು 1953ರ ಫೆಬ್ರುವರಿ 5ರಂದು. ಆ ವರ್ಷದ ಈಸ್ಟರ್ ಏಪ್ರಿಲ್ 5ಕ್ಕೆ. ಯುದ್ಧಕಾಲದಲ್ಲಿ ಹುಟ್ಟಿದ ಮಕ್ಕಳು ಕೂಪನ್ನಿಲ್ಲದೆ ಚಾಕೊಲೇಟ್ ಮೊಟ್ಟೆ ಕೊಂಡ ಈಸ್ಟರ್ ಅದು. ಅವರಿಗೆ ಒಂದು ಮೊಟ್ಟೆ ಸಾಲದು ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

ಮಧ್ಯಯುಗದ ಮಗುವಿಗೂ 1953ರ ಮಗುವಿಗೂ ಉಡುಗೊರೆಯ ತೂಕ ಬಂದದ್ದು ಒಂದೇ ಕಡೆಯಿಂದ: ಅದಕ್ಕೆ ಮುಂಚಿನ ಇಲ್ಲದ ದಿನಗಳಿಂದ. ಚರ್ಚಿನ ವ್ರತವೋ ಸರ್ಕಾರದ ಪಡಿತರವೋ, ಹಸಿವನ್ನು ಬೇರೆಯವರು ಒದಗಿಸುತ್ತಿದ್ದರು. ತಂದೆತಾಯಿ ಒಂದು ಮೊಟ್ಟೆ ಕೊಟ್ಟರೆ ಸಾಕಿತ್ತು. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ನಂತರ ಪ್ರೊಟೆಸ್ಟೆಂಟರು ಮೊಟ್ಟೆಯ ನಿಷೇಧ ಕೈಬಿಟ್ಟರು, ಕ್ಯಾಥೊಲಿಕರಲ್ಲೂ ಅದು ಬರಬರುತ್ತ ಸಡಿಲಾಯಿತು. ಈಗಂತೂ ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟುಗಳು ಕ್ರಿಸ್‌ಮಸ್ ಮುಗಿಯುತ್ತಲೇ ಈಸ್ಟರ್ ಮೊಟ್ಟೆಗಳನ್ನು ಕಪಾಟಿಗೇರಿಸುತ್ತವೆ. ತಪಸ್ಸು ಕಾಲ ಶುರುವಾಗುವ ಮೊದಲೇ ಮಗು ಅದನ್ನು ತಿಂದಾಗಿರುತ್ತದೆ. ಆಮೇಲೆ ಹಬ್ಬದ ದಿನ ಅದೇ ಮೊಟ್ಟೆಯನ್ನು ವಿಶೇಷವಾಗಿಸಲು ಅಪ್ಪ ಅಮ್ಮನ ಕೈಯಲ್ಲಿ ಉಳಿಯುವುದು ಎರಡೇ: ಇನ್ನೂ ದೊಡ್ಡದು, ಇಲ್ಲವೇ ಇನ್ನೂ ಹೆಚ್ಚು. ಎಷ್ಟು ಕೊಡಬೇಕೆಂದು ಕೇಳುವವರು ಜನವರಿಯಿಂದ ಮಾರ್ಚಿನವರೆಗೆ ಏನೇನು ಕೊಟ್ಟೆವೆಂದು ಮೊದಲು ಕೂಡಿ ನೋಡಬೇಕು. ಈಸ್ಟರ್ ದಿನದ ಲೆಕ್ಕ ಆ ದಿನಗಳಲ್ಲೇ ನಿರ್ಧಾರವಾಗಿರುತ್ತದೆ.