ಲಗ್ನಾಗಿ ಬಂದ 20 ಕೋಟಿ
ಬೆಳಗಾವಿಯ ಕ್ಯಾಂಪ್‌ನಲ್ಲಿ ವಲಸಿಗ ಅಂದರೆ ಥಟ್ಟನೆ ಕಣ್ಣಮುಂದೆ ಬರುವುದು ಟ್ರಂಕು ಹೊತ್ತ ಸಿಪಾಯಿ. ಮರಾಠಾ ಲಘು ಪದಾತಿದಳದ ಕೇಂದ್ರವೇ ಇಲ್ಲಿರುವಾಗ ಬರುವವರು, ಬದಲಿಯಾಗಿ ಹೋಗುವವರು ಇದ್ದದ್ದೇ. ಆದರೆ 2011ರ ಫೆಬ್ರುವರಿಯಲ್ಲಿ ಗಣತಿಯ ಮಾಸ್ತರರು ನಮ್ಮ ಓಣಿಯ ಎಪ್ಪತ್ತು ದಾಟಿದ ಅಜ್ಜಿಯ ಮುಂದೆ ಫಾರಂ ಬಿಡಿಸಿ, "ವಲಸೆ ಬರಾಕ ಕಾರಣ ಏನ್ರಿ ಆಯಿ?" ಎಂದಾಗ ಅಜ್ಜಿಗೆ ಸಿಟ್ಟೇ ಬಂತು. "ನಾ ಎಲ್ಲಿ ವಲಸೆ ಬಂದೇನೋ ತಮ್ಮಾ, ಲಗ್ನಾಗಿ ಬಂದೇನಿ!" ಮಾಸ್ತರರು ನಕ್ಕು, ಏಳು ಕಾರಣಗಳ ಪಟ್ಟಿಯಿಂದ ಒಂದು ಅಂಕಿ ಆರಿಸಿ ಬರೆದುಕೊಂಡು ಮುಂದಿನ ಮನೆಗೆ ನಡೆದರು.

ಅಂಥ ಮಾಸ್ತರರು ಆ ತಿಂಗಳು ದೇಶದಲ್ಲಿ ಎಷ್ಟು ಮಂದಿ ಓಡಾಡುತ್ತಿದ್ದರು ಗೊತ್ತೇ? 27 ಲಕ್ಷ! ನಮ್ಮ ಕ್ಯಾಂಪಿನ ಜನಸಂಖ್ಯೆ ಸುಮಾರು 20 ಸಾವಿರ. ಅಂದರೆ ಹಸುಗೂಸಿನಿಂದ ಮುದುಕರವರೆಗೆ ಎಲ್ಲರೂ ಗಣತಿದಾರರೇ ಆಗಿರುವ 135 ಕ್ಯಾಂಪುಗಳು. ಅವರ ಕೈಗೆ ಕೊಡಲು 16 ಭಾಷೆಗಳಲ್ಲಿ 34 ಕೋಟಿ ಫಾರಂ ಅಚ್ಚಾದವು. ಕಾಗದವೇ 8,000 ಟನ್ನು. ಆನೆಗೆ 5 ಟನ್ನಿನ ಲೆಕ್ಕ ಹಾಕಿದರೆ 1,600 ಆನೆಗಳ ತೂಕ. ವರ್ಷಕ್ಕೆ 14 ಆನೆಯಂತೆ ಮೈಸೂರು ದಸರೆಗೆ ಕಳಿಸುತ್ತ ಹೋದರೆ 114 ದಸರೆಗಳಿಗೆ ಸಾಕು.

ಇಷ್ಟೆಲ್ಲ ಕೂಡಿಸಿ ಕಳೆದು ಬಂದ ವಲಸಿಗರ ಸಂಖ್ಯೆ 45.36 ಕೋಟಿ. ಸೆಕೆಂಡಿಗೆ ಒಬ್ಬರಂತೆ ಹಗಲೂ ರಾತ್ರಿ ಎಣಿಸಲು ಕೂತರೆ ರಾಮನ ವನವಾಸ ಮುಗಿದು ಪಟ್ಟಾಭಿಷೇಕವೂ ಆಗಿರುತ್ತದೆ, ನಿಮ್ಮ ಎಣಿಕೆ ಮುಗಿಯಲು ಇನ್ನೂ ನಾಲ್ಕು ತಿಂಗಳು ಬೇಕು. ಅರ್ಧ ಮೀಟರಿಗೊಬ್ಬರಂತೆ ಸಾಲು ನಿಲ್ಲಿಸಿದರೆ ಸಾಲು ಭೂಮಿಯನ್ನು ಐದು ಸಲ ಸುತ್ತಿ, ಆರನೆಯ ಸುತ್ತಿನಲ್ಲಿ ಅರ್ಧ ದಾಟಿರುತ್ತದೆ. 1881ರಲ್ಲಿ ಮೊದಲ ಸಲ ಇಡೀ ದೇಶದ ತಲೆ ಒಟ್ಟಿಗೆ ಎಣಿಸಿದಾಗ ಸಿಕ್ಕ ಒಟ್ಟು ಜನವೇ 25 ಕೋಟಿ. ಇನ್ನೂ ದೊಡ್ಡದು ಬೇಕೆ? ತಾಯ್ನಾಡು ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದವರನ್ನೆಲ್ಲ ಜಗತ್ತಿನ ಮೂಲೆಮೂಲೆಯಿಂದ ಹುಡುಕಿ ತಂದರೂ, ವಿಶ್ವಸಂಸ್ಥೆಯ 2024ರ ಲೆಕ್ಕದಲ್ಲಿ, 30.4 ಕೋಟಿ. ಪಾಸ್‌ಪೋರ್ಟ್ ಇಲ್ಲದೆ, ವಿಮಾನ ಹತ್ತದೆ, ನಾವು ಮನೆಯೊಳಗೇ ಅದರ ಒಂದೂವರೆ ಪಟ್ಟು!

ನಮ್ಮ ಈ 45.36 ಕೋಟಿಯಲ್ಲಿ ಕೆಲಸ ಹುಡುಕಿ ಹೊರಟವರು ಹತ್ತರಲ್ಲಿ ಒಬ್ಬರು, ಅಷ್ಟೇ. ಹೆಚ್ಚೂಕಡಿಮೆ ಅರ್ಧದಷ್ಟು ಮಂದಿ ಹೇಳಿದ್ದು ನಮ್ಮ ಅಜ್ಜಿಯ ಮಾತನ್ನೇ: ಲಗ್ನ. 20 ಕೋಟಿಗೂ ಮಿಕ್ಕಿ! 2010ರ ಗಣತಿಯಲ್ಲಿ ಬ್ರೆಜಿಲ್ ದೇಶದ ಗಂಡು, ಹೆಣ್ಣು, ಮಕ್ಕಳೆಲ್ಲ ಸೇರಿದರೂ ಇಷ್ಟಿರಲಿಲ್ಲ. ಒಬ್ಬೊಬ್ಬ ಸೊಸೆಯೂ ಹೊಸ್ತಿಲಲ್ಲಿ ಒಂದು ಸೇರು ಅಕ್ಕಿ ಒದ್ದು ಒಳಗೆ ಬಂದಳು ಎಂದಿಟ್ಟುಕೊಳ್ಳಿ. ಸೇರಿಗೆ ಕಿಲೋ ಹಿಡಿದರೂ 2 ಲಕ್ಷ ಟನ್ ಅಕ್ಕಿ. ಹತ್ತು ಟನ್ನಿನ 20 ಸಾವಿರ ಲಾರಿ. ಗುಡಿಸುವವರ ಕಥೆ ಬೇರೆ!

ಅಜ್ಜಿಯ ತವರು ಚಂದಗಡ. ಕ್ಯಾಂಪಿನಿಂದ ಸುಮಾರು 40 ಕಿ.ಮೀ. ಅಜ್ಜಿಯ ಲಗ್ನವಾದಾಗ ಅದು ಬೆಳಗಾವಿ ಜಿಲ್ಲೆಯದೇ ತಾಲೂಕು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ಮುಂಬೈ ರಾಜ್ಯದಲ್ಲೇ ಉಳಿಯಿತು. ಅಜ್ಜಿ ಒಲೆ ಮುಂದಿನಿಂದ ಎದ್ದಿರಲಿಲ್ಲ, ಬೆಳಗಾಗುವುದರೊಳಗೆ ಅಂತರರಾಜ್ಯ ವಲಸಿಗಳಾಗಿದ್ದಳು! ಬೀದರದಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರ ಬಂದವನು ಮಾತ್ರ ಇದ್ದ ರಾಜ್ಯದಲ್ಲೇ ಇದ್ದವನು. ಖಾನಾಪುರದ ಹುಡುಗಿ ಚೋರ್ಲಾ ಘಾಟಿ ಇಳಿದು ಗೋವೆಯ ಸೊಸೆಯಾದರೆ ಅವಳೂ ಅಜ್ಜಿಯಂತೆ ಅಂತರರಾಜ್ಯದ ಲೆಕ್ಕಕ್ಕೇ. ಹೆರಿಗೆಗೆ ಬೆಳಗಾವಿ ಆಸ್ಪತ್ರೆಗೆ ಬಂದು ಖಾನಾಪುರದ ಹಳ್ಳಿಗೆ ಮರಳಿದ ಬಾಣಂತಿಯ ಮಡಿಲಲ್ಲಿ ಕಣ್ಣೂ ಸರಿಯಾಗಿ ಬಿಡದ ಕೂಸು ಇರುತ್ತದಲ್ಲ, ಅದೂ ವಲಸಿಗ. ಏಳು ಕಾರಣಗಳಲ್ಲಿ 'ಹುಟ್ಟಿದ ಮೇಲೆ ಬಂದದ್ದು' ಎಂದೇ ಒಂದಿದೆ.

ದಿಲ್ಲಿಯ ಲೆಕ್ಕಿಗರು ಇನ್ನೊಂದು ದಾರಿ ಹಿಡಿದರು. 2016-17ರ ಆರ್ಥಿಕ ಸಮೀಕ್ಷೆಗಾಗಿ ರೈಲಿನ ಕಾಯ್ದಿರಿಸದ ಬೋಗಿಗಳ ಪ್ರಯಾಣಿಕರ ಲೆಕ್ಕ ಹಾಕಿ, ರಾಜ್ಯದ ಗಡಿ ದಾಟಿ ದುಡಿಯಲು ಹೋಗುವವರು ವರ್ಷಕ್ಕೆ ಸುಮಾರು 90 ಲಕ್ಷ ಎಂದರು. ದಿನಕ್ಕೆ ಹತ್ತಿರಹತ್ತಿರ 25 ಸಾವಿರ. ಇಡೀ ಕ್ಯಾಂಪು ಮನೆಗೆ ಬೀಗ ಹಾಕಿ ಬೆಳಗಾವಿ ಸ್ಟೇಷನ್ನಿಗೆ ನಡೆದರೂ ಒಂದು ದಿನದ ಲೆಕ್ಕ ತುಂಬದು.

ಇನ್ನು ವೇಗ. 2001ರಲ್ಲಿ ವಲಸಿಗರು 31.45 ಕೋಟಿ, ಹತ್ತೇ ವರ್ಷದಲ್ಲಿ ಸುಮಾರು 14 ಕೋಟಿ ಹೆಚ್ಚಳ, ಎರಡು ಕರ್ನಾಟಕಕ್ಕಿಂತ ಜಾಸ್ತಿ. ದಿನಕ್ಕೆ 38 ಸಾವಿರ, ನಿಮಿಷಕ್ಕೆ 26 ಮಂದಿ. ಅಂಕಿಗಳ ನಡಿಗೆ ಮಾತ್ರ ಎತ್ತಿನ ಗಾಡಿಯದು: 2011ರಲ್ಲಿ ಕೇಳಿದ ಕಾರಣಗಳ ವಿವರ ಕೋಷ್ಟಕ ಹೊರಬಿದ್ದದ್ದು 2019ರಲ್ಲಿ. 2021ರ ಗಣತಿ ಕೊರೊನಾದಿಂದ ನಿಂತಿತು. ಮುಂದಿನ ಎಣಿಕೆಗೆ ಗೊತ್ತುಮಾಡಿದ ಗಳಿಗೆ 2027ರ ಮಾರ್ಚ್ 1ರ ನಡುರಾತ್ರಿ. 2011ರ ಎಣಿಕೆಯ ಮಾರ್ಚ್ 1ಕ್ಕೂ ಇದಕ್ಕೂ ನಡುವೆ 5,844 ದಿನ.

ಹಳೆಯ ವೇಗವೇ ಉಳಿದಿದ್ದರೆ ಅಷ್ಟರಲ್ಲಿ ಇನ್ನೂ 22 ಕೋಟಿ ಸೇರಿ 67 ಕೋಟಿ ದಾಟುತ್ತದೆ. ಮತ್ತೆ ಅರ್ಧ ಮೀಟರಿಗೊಬ್ಬರಂತೆ ನಿಲ್ಲಿಸಿ ನೋಡಿದೆ. ಈ ಸಲ ಸಾಲಿಗೆ ಭೂಮಿ ಸಾಲದು. ನೆಟ್ಟಗೆ ಮೇಲಕ್ಕೆ ಏರಿಸಿದರೆ 3,37,000 ಕಿ.ಮೀ. ಚಂದ್ರನಿಗೆ ಇನ್ನು 47 ಸಾವಿರ ಕಿ.ಮೀ. ಮಾತ್ರ ಕಡಿಮೆ. ಅದನ್ನು ತುಂಬಲು ಇನ್ನೂ ಒಂಬತ್ತೂವರೆ ಕೋಟಿ ಜನ ಬೇಕು. ಖಾನಾಪುರದ ಕಡೆ ಲಗ್ನದ ಸೀಜನ್ ಇನ್ನೂ ಮುಗಿದಿಲ್ಲ.