ಸೇವಾ ಪ್ರಾಣಿ ಮತ್ತು ಆಸರೆಯ ಪ್ರಾಣಿ: ತರಗತಿಯಲ್ಲಿ ವ್ಯತ್ಯಾಸ ತಿಳಿಸುವ ಬಗೆ

ವಿಶೇಷ ಅಗತ್ಯವುಳ್ಳ ಮಕ್ಕಳ ಕುರಿತು ಓದುವಾಗ 'ಸೇವಾ ಪ್ರಾಣಿ', 'ಭಾವನಾತ್ಮಕ ಆಸರೆಯ ಪ್ರಾಣಿ' ಎಂಬ ಎರಡು ಪದಗಳು ಎದುರಾಗುತ್ತವೆ. ಎರಡೂ ಮನುಷ್ಯನಿಗೆ ನೆರವಾಗುವುದರಿಂದ ಒಂದೇ ಎಂದು ತೋರುತ್ತವೆ. ವ್ಯತ್ಯಾಸವಿರುವುದು ತರಬೇತಿಯಲ್ಲಿ.

ದಾವಣಗೆರೆ, ಹರಿಹರದ ಮಕ್ಕಳಿಗೆ ಜಿಲ್ಲಾ ಪೊಲೀಸ್ ಶ್ವಾನದಳದ ತುಂಗಾಳಿಂದ ಪಾಠ ಆರಂಭಿಸಬಹುದು. 2020ರಲ್ಲಿ ಈ ಡಾಬರ್‌ಮನ್ ನಾಯಿ ಸುಮಾರು 12 ಕಿ.ಮೀ. ಜಾಡು ಹಿಡಿದು ಓಡಿ ಕೊಲೆ ಪ್ರಕರಣವೊಂದರ ಪತ್ತೆಗೆ ನೆರವಾಯಿತು. ವಾಸನೆ ಹಿಡಿಯುವ ಶಕ್ತಿ ಹುಟ್ಟಿನಿಂದ ಬಂದದ್ದು. ಅದನ್ನು ಕೆಲಸಕ್ಕೆ ಬಳಸಿದ್ದು ತರಬೇತಿಯಿಂದ. ಆದರೆ ತುಂಗಾ ದುಡಿದದ್ದು ಇಲಾಖೆಗಾಗಿ. ಸೇವಾ ಪ್ರಾಣಿ ದುಡಿಯುವುದು ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿಗಾಗಿ. ಅಂಧರೊಡನೆ ನಡೆಯುವ ನಾಯಿ ಮೆಟ್ಟಿಲು ಬಂದಾಗ ನಿಲ್ಲುತ್ತದೆ; ಕಿವಿ ಕೇಳದವರಿಗೆ ಬಾಗಿಲ ಗಂಟೆಯ ಸೂಚನೆ ಕೊಡುತ್ತದೆ.

ಭಾವನಾತ್ಮಕ ಆಸರೆಯ ಪ್ರಾಣಿಗೆ ಇಂಥ ತರಬೇತಿ ಬೇಕಿಲ್ಲ. ಅದು ಜೊತೆಗಿದ್ದರೆ ಸಾಕು, ಆತಂಕ ಇಳಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಆತಂಕದ ಆಘಾತ ಬರುವ ಮುನ್ನವೇ ಗುರುತಿಸಿ, ಕಲಿಸಿದ ಕ್ರಿಯೆಯಿಂದ ಅದನ್ನು ತಡೆಯುವ ನಾಯಿ ಸೇವಾ ಪ್ರಾಣಿಯೇ. ಕಾಯಿಲೆ ಮನಸ್ಸಿನದೋ ದೇಹದ್ದೋ ಎಂಬುದು ಇಲ್ಲಿ ಅಳತೆಗೋಲಲ್ಲ.

ಅಮೆರಿಕದ ನಿಯಮದಲ್ಲಿ, ನಾಯಿಯ ಕೆಲಸ ಕಣ್ಣಿಗೆ ಕಾಣದಿದ್ದಾಗ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಅಗತ್ಯವೇ? ಯಾವ ಕೆಲಸಕ್ಕೆ ತರಬೇತಿ ಪಡೆದಿದೆ? 2021ರಿಂದ ಅಲ್ಲಿನ ವಿಮಾನಯಾನ ನಿಯಮವೂ ಆಸರೆಯ ಪ್ರಾಣಿಗಳನ್ನು ಸೇವಾ ಪ್ರಾಣಿಗಳೆಂದು ಎಣಿಸುವುದಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸುವಂತೆ ಶಾಲೆಗೆ ಹೇಳುತ್ತದೆ. ಆದರೆ ಈ ಎರಡು ಬಗೆಯ ಪ್ರಾಣಿಗಳಿಗೆ ಅದರಲ್ಲಿ ವ್ಯಾಖ್ಯೆಯಿಲ್ಲ. ಆದ್ದರಿಂದ ವ್ಯತ್ಯಾಸದ ತಿಳಿವಳಿಕೆ ಶಿಕ್ಷಕರಲ್ಲಿಯೇ ಇರಬೇಕು.

ಚಟುವಟಿಕೆ: ನಾಲ್ಕು ಚೀಟಿಗಳಲ್ಲಿ ಪೊಲೀಸ್ ನಾಯಿ, ಅಂಧರ ಮಾರ್ಗದರ್ಶಿ ನಾಯಿ, ಆತಂಕವಿರುವವರ ಜೊತೆಗಿರುವ ಬೆಕ್ಕು, ಮನೆ ಕಾಯುವ ನಾಯಿ ಎಂದು ಬರೆಯಿರಿ. ಪ್ರತಿಯೊಂದಕ್ಕೂ 'ಯಾರಿಗಾಗಿ? ಏನು ಕಲಿತಿದೆ?' ಎಂದು ಗುಂಪುಗಳಲ್ಲಿ ಚರ್ಚಿಸಿ ಕಪ್ಪುಹಲಗೆಯ ಮೇಲೆ ವರ್ಗೀಕರಿಸಲಿ.

ಮನೆಯ ಕರುವಿನ ಮೈ ಸವರಿದರೆ ಭಯ ಹೋಗುತ್ತದೆ ಎಂದು ಒಬ್ಬ ಹುಡುಗಿ ಹೇಳಿದರೆ ತರಗತಿ ನಗಬಹುದು. ಆಗ ಶಿಕ್ಷಕರು ಆ ಮಾತನ್ನು ಗೌರವದಿಂದ ಸ್ವೀಕರಿಸಬೇಕು. ಕರು ಸೇವಾ ಪ್ರಾಣಿಯಲ್ಲ. ಆದರೆ ಅವಳ ಭಯ ನಿಜ. ಆ ಭಯ ಯಾವುದರದ್ದು ಎಂದು ವಿಚಾರಿಸುವುದು ನಮ್ಮ ಕೆಲಸ.