ದಾರಿಬದಿಯ ವೀರಗಲ್ಲು: ಓದುವುದು ಹೇಗೆ, ಉಳಿಸುವುದು ಹೇಗೆ?

ಕರ್ನಾಟಕದ ಅನೇಕ ಹಳ್ಳಿಗಳ ದಾರಿಬದಿಯಲ್ಲಿ, ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಮಗ್ಗುಲಲ್ಲಿ ಕೆತ್ತನೆಯ ಕಲ್ಲುಗಳು ನಿಂತಿವೆ. ಕೆಲವಕ್ಕೆ ಅರಿಶಿನ-ಕುಂಕುಮದ ಪೂಜೆ ಸಲ್ಲುತ್ತದೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲುಗಳಾಗಿವೆ. ಊರಿಗಾಗಿ ಮಡಿದವರ ನೆನಪಿಗೆ ನೆಟ್ಟ ವೀರಗಲ್ಲುಗಳಿವು.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಹಂತಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ತುದಿಯಲ್ಲಿರುವ ಸೂರ್ಯ-ಚಂದ್ರರು ಕೀರ್ತಿಯ ಶಾಶ್ವತತೆಯ ಸಂಕೇತ. ಕಾಳಗದ ಚಿತ್ರದಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ಗೋವುಗಳ ಅಪಹರಣವನ್ನು ತಡೆಯಲು ನಡೆದ ಹೋರಾಟ. ಬಳೆ ತೊಟ್ಟ ಕೈಯೊಂದು ಮೇಲೆತ್ತಿದಂತಿದ್ದರೆ ಅದು ಸಹಗಮನ ಮಾಡಿದವಳ ಸ್ಮಾರಕವಾದ ಮಾಸ್ತಿಕಲ್ಲು.

ತಾಮ್ರಶಾಸನಗಳು ಹೆಚ್ಚಾಗಿ ಅರಸರ ವಂಶವನ್ನೂ ದಾನಗಳನ್ನೂ ಹೇಳುತ್ತವೆ. ಸಾಮಾನ್ಯರ ಹೆಸರು ಉಳಿದಿರುವುದು ಇಂತಹ ಕಲ್ಲುಗಳಲ್ಲಿ. ಮಡಿದವನ ಕುಟುಂಬಕ್ಕೆ ‘ನೆತ್ತರುಗೊಡಗೆ’ಯಾಗಿ ಭೂಮಿ ನೀಡುತ್ತಿದ್ದುದನ್ನೂ ಇವು ದಾಖಲಿಸುತ್ತವೆ. ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರಿದೆ. ಮದ್ದೂರು ತಾಲ್ಲೂಕಿನ ಆತಕೂರಿನ, ಸುಮಾರು ಕ್ರಿ.ಶ. 950ರ ಶಾಸನ ತಕ್ಕೋಲದ ಯುದ್ಧವನ್ನು ಹೇಳುವುದರ ಜೊತೆಗೆ ಕಾಡುಹಂದಿಯೊಡನೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯನ್ನೂ ಸ್ಮರಿಸುತ್ತದೆ.

ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಆದರೆ ಪಠ್ಯ ಅಚ್ಚಾದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ರಸ್ತೆ ವಿಸ್ತರಣೆ, ಚರಂಡಿ ಕಾಮಗಾರಿ, ನಿಧಿಯಾಸೆಯ ಅಗೆತಗಳಿಗೆ ಅವು ಬಲಿಯಾಗುತ್ತಿವೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆ ದೊರೆಯುವುದು ಮುಖ್ಯವಾಗಿ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ. ಹೊಲದಂಚಿನ ಒಂಟಿ ಕಲ್ಲು ಬಹುತೇಕ ಆ ಪಟ್ಟಿಯಲ್ಲಿ ಇರುವುದಿಲ್ಲ.

ಹೀಗಾಗಿ ಊರವರ ಎಚ್ಚರವೇ ಮೊದಲ ಕಾವಲು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ದೊರೆತ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸ್ಥಳೀಯರ ಹಾಗೂ ಇತಿಹಾಸಾಸಕ್ತರ ಕಾಳಜಿಯಿಂದ ಉಳಿಯಿತು.

ಇಂತಹ ಕಲ್ಲು ಕಂಡಾಗ ಅದರ ಛಾಯಾಚಿತ್ರ ತೆಗೆದು, ಇರುವ ಜಾಗವನ್ನು ಗುರುತು ಹಾಕಿಕೊಂಡು ಗ್ರಾಮ ಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ಸುಣ್ಣ-ಬಣ್ಣ ಬಳಿಯಬಾರದು, ಆಮ್ಲದಿಂದ ತೊಳೆಯಬಾರದು. ಅನಿವಾರ್ಯವಲ್ಲದಿದ್ದರೆ ಕದಲಿಸಲೂಬಾರದು, ಕಲ್ಲು ನಿಂತ ನೆಲವೂ ಇತಿಹಾಸದ ಸಾಕ್ಷಿಯೇ. ಅಕ್ಷರ ಸವೆದು ಓದಲು ಬಾರದಿದ್ದರೂ ಆ ಜಾಗದಲ್ಲಿ ಒಬ್ಬ ಹಳ್ಳಿಗನನ್ನು ಊರು ನೆನೆದಿತ್ತು ಎಂಬುದನ್ನು ಅದು ಹೇಳುತ್ತದೆ.